ಬೀದರ್ ಚಳಿ, ಟೇಬಲ್ ಮೇಲಿನ ಬೆಂಕಿ, ಚಿಮಣಿ ಎಣ್ಣಿಯ ಹಳೆಯ ಪಾಠ

ಕರ್ನಾಟಕದಲ್ಲಿ ಚಳಿ ಅಂದ್ರೆ ಎಲ್ಲರೂ ಮಡಿಕೇರಿ ಅಂತಾರೆ. ಬೀದರ್ ನೆನಪಾಗುವುದು ಡಿಸೆಂಬರ್‌ನಲ್ಲಿ ಪತ್ರಿಕೆಯ ಹವಾಮಾನದ ಮೂಲೆ ನೋಡಿದಾಗ. ನಮ್ಮದು ಎರಡು ಸಾವಿರ ಅಡಿಗೂ ಎತ್ತರದ ಬಯಲು, ಗಾಳಿ ಒಣ. ಹಗಲಿನ ಕಾವೆಲ್ಲ ರಾತ್ರಿ ಹಾರಿಹೋಗುತ್ತದೆ. ಹಾಗಾಗಿ ನೌಬಾದ್ ಕಡೆಯ ನೆಂಟರ ಮನೆಗೆ ಕೊರಿಯರ್‌ನಲ್ಲಿ ‘ಟೇಬಲ್ ಫೈರ್‌ಪ್ಲೇಸ್’ ಬಂದಿದೆ ಅಂದಾಗ ನನಗೆ ನಗು ಬರಲಿಲ್ಲ. ಕಲಬುರಗಿಯವರು ತರಿಸಿದ್ದರೆ ನಗುತ್ತಿದ್ದೆ.

ಬೂದು ಬಣ್ಣದ ಸಿಮೆಂಟಿನ ಬಟ್ಟಲು, ಸುತ್ತ ಬಿಳಿ ಹರಳು, ನಡುವೆ ಒಂದು ಸ್ಟೀಲ್ ಕಪ್. ಕಟ್ಟಿಗೆ ಬೇಡ, ಹೊಗೆ ಇಲ್ಲ, ಮಸಿ ಇಲ್ಲ. ಕಪ್ಪಿಗೆ ‘ಬಯೋ ಇಥೆನಾಲ್’ ಸುರಿದು ಕಡ್ಡಿ ಗೀರಿದರೆ ಆಯ್ತು. ಮಾಳಿಗಿ ಮೇಲೆ ಎಲ್ಲರೂ ಸುತ್ತ ಕೂತೆವು. ಅರ್ಧ ಗಂಟೆಯಲ್ಲಿ ಉರಿ ಕುಗ್ಗಿತು, ಆಮೇಲೆ ಕಾಣದಾಯಿತು. ಆ ಮನೆಯ ಹುಡುಗ ಬಾಟಲಿ ತಂದು ಬಗ್ಗಿಸುವಷ್ಟರಲ್ಲಿ ಕಾಕು (ಚಿಕ್ಕಮ್ಮ) ಅವನ ಕೈ ಹಿಡಿದರು. ‘ಆರ್ಯಾದೋ ಇಲ್ಲೋ ನೋಡಪಾ ಮೊದ್ಲ.’ ಕಪ್ಪಿನ ಮೇಲೆ ಅಂಗೈ ಹಿಡಿದು ನೋಡಿದ. ಆರಿರಲಿಲ್ಲ. ಚುರ್ ಅಂದಿತು.

ಕಾಕುಗೆ ಇದು ಗೊತ್ತಿದ್ದದ್ದು ಸ್ಟವ್‌ನಿಂದ. ನಮ್ಮ ಕಡೆ ಸೀಮೆಎಣ್ಣೆಗೆ ಚಿಮಣಿ ಎಣ್ಣಿ ಅನ್ನುತ್ತಾರೆ, ಅದನ್ನು ಉರಿಸುವ ಪುಟ್ಟ ದೀಪವೇ ಚಿಮಣಿ. ಆಮೇಲೆ ಬತ್ತಿ ಸ್ಟವ್ ಬಂತು, ಪಂಪ್ ಸ್ಟವ್ ಬಂತು. ಪಂಪ್ ಸ್ಟವ್ ಹುಟ್ಟಿದ್ದು ಸ್ವೀಡನ್‌ನಲ್ಲಿ, 1892ರಲ್ಲಿ. ಮೂರು ತಲೆಮಾರು ಅದರ ಭರ್ ಸದ್ದಿಗೆ ಅಡುಗೆ ಮಾಡಿದೆ. ಉರಿಯುವ ಸ್ಟವ್‌ಗೆ ಎಣ್ಣೆ ಹಾಕಬಾರದು, ಆರಿಸಿ, ತಣ್ಣಗಾದ ಮೇಲೆ ಹಾಕಬೇಕು ಎಂಬ ಮಾತು ಮನೆಮನೆಯಲ್ಲೂ ಇತ್ತು.

ಅದು ಸುಮ್ನೆ ಹುಟ್ಟಿದ ಮಾತಲ್ಲ. ನಮ್ಮ ದೇಶದ ಮಾನದಂಡದ ಪ್ರಕಾರ ಸೀಮೆಎಣ್ಣೆ ಕನಿಷ್ಠ 35 ಡಿಗ್ರಿವರೆಗೆ ಕಿಡಿಗೆ ಹತ್ತಿಕೊಳ್ಳುವಷ್ಟು ಆವಿ ಬಿಡಬಾರದು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಬೀದರ್‌ನಲ್ಲಿ ಮೇ ತಿಂಗಳು 40 ಡಿಗ್ರಿ ಮುಟ್ಟುತ್ತದೆ. ಉರಿಯುವ ಸ್ಟವ್‌ನ ಟ್ಯಾಂಕಂತೂ ಇನ್ನೂ ಬಿಸಿ. ಎಣ್ಣೆಗೆ ಯಾರಾದರೂ ಪೆಟ್ರೋಲ್ ಬೆರೆಸಿದ್ದರೆ ಕೇಳುವುದೇ ಬೇಡ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ‘ಸ್ಟವ್ ಸಿಡಿದು ಗೃಹಿಣಿ ಸಾವು’ ಎಂದು ಬಂದ ಸುದ್ದಿಯೆಲ್ಲ ಸ್ಟವ್‌ನ ತಪ್ಪಾಗಿರಲಿಲ್ಲ. ವರದಕ್ಷಿಣೆಗಾಗಿ ನಡೆದ ಕೊಲೆಗಳೂ ಆ ಒಂದು ಸಾಲಿನ ಹಿಂದೆ ಅಡಗಿದ್ದವು. 1986ರಲ್ಲಿ ವರದಕ್ಷಿಣೆ ಸಾವಿಗೆ ಪ್ರತ್ಯೇಕ ಕಲಂ ಬಂದು, ಮದುವೆಯಾದ 7 ವರ್ಷದೊಳಗಿನ ಇಂಥ ಸಾವುಗಳನ್ನು ಬೇರೆಯಾಗಿ ನೋಡುವಂತಾಯಿತು.

2016ರಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಸಿಲಿಂಡರ್ ಹಳ್ಳಿಗಳಿಗೂ ಬಂತು. ಸ್ಟವ್ ಅಟ್ಟ ಸೇರಿತು. ಅದರ ಜೊತೆ ಆ ಎಚ್ಚರಿಕೆಯ ಮಾತೂ ಅಟ್ಟ ಸೇರಿತು ಅಂತ ನನಗನ್ನಿಸುತ್ತದೆ. ಇಪ್ಪತ್ತು ವರ್ಷದ ಹುಡುಗ ಯಾವತ್ತಾದರೂ ಸ್ಟವ್‌ಗೆ ಎಣ್ಣೆ ಹಾಕಿದ್ದಾನಾ? ಇಲ್ಲ. ಅವನಿಗೆ ಗೊತ್ತಿರುವ ಬೆಂಕಿ ಗುಬ್ಬಿ ತಿರುಗಿಸಿದರೆ ಹತ್ತುತ್ತದೆ, ತಿರುಗಿಸಿದರೆ ಆರುತ್ತದೆ.

ಇನ್ನು ಈ ಬಯೋ ಇಥೆನಾಲ್. ಹೆಸರು ಹೊಸದು, ವಸ್ತು ನಮಗೆ ಹಳೆಯದು. ಕಬ್ಬಿನ ಕಾಕಂಬಿಯಿಂದ ತೆಗೆಯುವ ಸ್ಪಿರಿಟ್ ಅದು. ಕೋವಿಡ್ ಕಾಲದಲ್ಲಿ ಕೈಗೆ ಹಚ್ಚಿಕೊಂಡ ಸ್ಯಾನಿಟೈಸರ್‌ನಲ್ಲೂ ಹೆಚ್ಚಾಗಿ ಇದ್ದದ್ದು ಅದೇ. ಸೀಮೆಎಣ್ಣೆಗಿಂತ ಇದು ತೀರಾ ಚುರುಕು. ಸುಮಾರು 17 ಡಿಗ್ರಿಯಲ್ಲೇ ಕಿಡಿಗೆ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಅಂದರೆ ನಮ್ಮ ಮನೆಯೊಳಗೆ ಹೆಚ್ಚುಕಡಿಮೆ ವರ್ಷವಿಡೀ.

ಬಾಟಲಿ ಅರ್ಧ ಖಾಲಿಯಾಗಿದ್ದರೆ ಒಳಗಿನ ಖಾಲಿ ಜಾಗದಲ್ಲಿ ಆವಿಯೂ ಗಾಳಿಯೂ ಬೆರೆತಿರುತ್ತವೆ. ಪೆಟ್ರೋಲ್ ಡಬ್ಬಿಯೊಳಗೆ ಸಾಮಾನ್ಯವಾಗಿ ಆವಿ ಎಷ್ಟು ದಟ್ಟ ಅಂದ್ರೆ ಉರಿಯಲು ಗಾಳಿಯೇ ಸಾಲದು. ಸ್ಪಿರಿಟ್‌ದು ಹಾಗಲ್ಲ, ಅದರ ಮಿಶ್ರಣ ಮನೆಯ ಉಷ್ಣತೆಯಲ್ಲಿ ಉರಿಯಲು ಸರಿಯಾದ ಹದದಲ್ಲೇ ಇರುತ್ತದೆ. ಉರಿಯುವ ಕಪ್ಪಿಗೆ ಬಾಟಲಿ ಬಗ್ಗಿಸಿದಾಗ ಜ್ವಾಲೆ ಬಾಯಿಯಿಂದ ಒಳನುಗ್ಗಿದರೆ, ಒಳಗಿನ ಆವಿ ಒಮ್ಮೆಲೇ ಹತ್ತಿ, ಉರಿಯುವ ಸ್ಪಿರಿಟನ್ನು ಪಿಚಕಾರಿಯಂತೆ ಹೊರಗೆ ಚಿಮ್ಮಿಸುತ್ತದೆ. ಅಡಿಗಟ್ಟಲೆ ದೂರಕ್ಕೆ. ಹಾಗಾಗಿ ಎಷ್ಟೋ ಸಲ ಸುಡುವುದು ಸುರಿದವರಿಗಿಂತ ಜಾಸ್ತಿ ಎದುರು ಕೂತವರಿಗೆ. ಮುಖ, ಎದೆ, ಕೈ.

ಅದರ ಮೇಲೆ ಈ ಉರಿ ತಿಳಿ ನೀಲಿ. ಹಗಲಿನಲ್ಲಂತೂ ಕಾಣುವುದೇ ಇಲ್ಲ. ಚಿಮಣಿಯ ಹಳದಿ ಉರಿ, ಗೋಡೆಗೆ ಹಿಡಿಯುವ ಮಸಿ ನೋಡಿ ಬೈದುಕೊಂಡವರು ನಾವು. ಬೆಂಕಿ ಇದೆ ಅಂತ ಅದಾದರೂ ಹೇಳುತ್ತಿತ್ತು.

ಹೊರದೇಶಗಳು ಇದನ್ನು ಕಲಿತದ್ದು ಪೆಟ್ಟು ತಿಂದೇ. ಅಮೆರಿಕದಲ್ಲಿ ಮೊದಲು ಜನಪ್ರಿಯವಾದದ್ದು ಸುರಿಯುವ ಜೆಲ್ ಇಂಧನ. ಸ್ಪಿರಿಟನ್ನೇ ಗಂಜಿಯಂತೆ ದಪ್ಪ ಮಾಡಿದ್ದು. ಮೈಮೇಲೆ ಬಿದ್ದರೆ ಅಂಟಿಕೊಂಡೇ ಉರಿಯುತ್ತದೆ, ನೆಲದ ಮೇಲೆ ಹೊರಳಿದರೂ ಸುಲಭಕ್ಕೆ ಆರದು. 2011ರ ಸೆಪ್ಟೆಂಬರ್‌ನಲ್ಲಿ ಒಂಬತ್ತು ಕಂಪನಿಗಳ ಸುಮಾರು 20 ಲಕ್ಷ ಬಾಟಲಿಗಳನ್ನು ಒಟ್ಟಿಗೆ ವಾಪಸ್ ಪಡೆಯಲಾಯಿತು. ಅಷ್ಟೊತ್ತಿಗೆ 65 ಅವಘಡ ಆಗಿದ್ದವು, ಇಬ್ಬರು ತೀರಿಕೊಂಡಿದ್ದರು, 34 ಮಂದಿ ಆಸ್ಪತ್ರೆ ಸೇರಿದ್ದರು. ಜೆಲ್ ಹೋಯಿತು, ದ್ರವ ಉಳಿಯಿತು. 2024ರ ಡಿಸೆಂಬರ್‌ನಲ್ಲಿ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಮತ್ತೆ ಎಚ್ಚರಿಸಬೇಕಾಯಿತು. 2019ರಿಂದ ಈಚೆಗೆ ಎರಡು ಸಾವು, ಕನಿಷ್ಠ 60 ಗಾಯ. ಈ ಸಲದ ಮಾಲು ಸ್ಪಿರಿಟ್ ಸುರಿದು ಉರಿಸುವ ಇಂಥದೇ ಬಟ್ಟಲುಗಳು.

ನನಗೆ ಹಿಡಿಸಿದ್ದು ಆಸ್ಟ್ರೇಲಿಯಾದ ದಾರಿ. ಅಲ್ಲಿ 2010ರಿಂದ 113 ಅವಘಡ, 105 ಗಾಯ ಲೆಕ್ಕಕ್ಕೆ ಸಿಕ್ಕಿದ್ದವು. ಕೆಲವು ರಾಜ್ಯಗಳು ಮೊದಲು ತಾತ್ಕಾಲಿಕವಾಗಿ ನಿಷೇಧಿಸಿದವು. 2017ರ ಜುಲೈಯಲ್ಲಿ ದೇಶಕ್ಕೆಲ್ಲ ಒಂದೇ ನಿಯಮ ಬಂತು. ಎತ್ತಿ ಇಡುವಂಥ ಬಟ್ಟಲಾದರೆ ಖಾಲಿ ಇದ್ದಾಗಲೇ ಕನಿಷ್ಠ 8 ಕಿಲೊ ತೂಗಬೇಕು. ಅದರ ತಳ 900 ಚದರ ಸೆಂಟಿಮೀಟರ್ ಹರವು ಇರಬೇಕು. ಇಂಧನದ ಡಬ್ಬಿಯ ಬಾಯಿಗೆ ಜ್ವಾಲೆ ತಡೆಯುವ ಜಾಲರಿ ಇರಬೇಕು, ಇಲ್ಲವೇ ತಾನೇ ತುಂಬಿಕೊಳ್ಳುವ ಪಂಪ್ ಇರಬೇಕು. ಜಾಲರಿ ದೊಡ್ಡ ವಿದ್ಯೆಯೇನಲ್ಲ. ತಂತಿ ಬಲೆ ಜ್ವಾಲೆಯ ಕಾವನ್ನು ಹೀರಿಕೊಳ್ಳುತ್ತದೆ, ಉರಿ ಆಚೆ ದಾಟುವುದಿಲ್ಲ. ಹಂಫ್ರಿ ಡೇವಿ 1815ರಲ್ಲೇ ಗಣಿ ಕಾರ್ಮಿಕರ ದೀಪಕ್ಕೆ ಇದೇ ಬಲೆ ಸುತ್ತಿದ್ದ.

ತೂಕದ ಮಾತು ಬಂದಾಗ ಶ್ರೀಲಂಕಾದ ಡಾಕ್ಟರೊಬ್ಬರು ನೆನಪಾಗುತ್ತಾರೆ. ವಿಜಯ ಗೋಡಕುಂಬುರ, ಶಸ್ತ್ರಚಿಕಿತ್ಸಕರು. ಖಾಲಿ ಬಾಟಲಿಗೆ ಬತ್ತಿ ಹಾಕಿ ಮಾಡಿದ ಸೀಮೆಎಣ್ಣೆ ದೀಪ ಉರುಳಿ ಸುಟ್ಟುಕೊಂಡವರಿಗೆ ಚಿಕಿತ್ಸೆ ಕೊಟ್ಟೂ ಕೊಟ್ಟೂ, ಕೊನೆಗೆ ದೀಪವನ್ನೇ ಬದಲಿಸಿದರು. ಗಿಡ್ಡ, ದಪ್ಪ, ಭಾರದ ಗಾಜು. ಉರುಳಿದರೂ ಹೊರಳದಂತೆ ಎರಡು ಬದಿ ಚಪ್ಪಟೆ. ಎಣ್ಣೆ ಚೆಲ್ಲದಂತೆ ತಿರುಪಿನ ಮುಚ್ಚಳ. ಹೆಸರು ‘ಸುದೀಪ’. 1998ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂತು. ಬಡವರ ಮನೆಯ ದೀಪಕ್ಕೆ ಅವರು ಯೋಚಿಸಿದ್ದನ್ನೇ ಆಸ್ಟ್ರೇಲಿಯಾ ಸುಮಾರು ಇಪ್ಪತ್ತು ವರ್ಷದ ನಂತರ ಉಳ್ಳವರ ಅಲಂಕಾರದ ಬೆಂಕಿಗೆ ಬರೆಯಿತು. ಉರುಳಬಾರದು, ಚೆಲ್ಲಬಾರದು. ಜನರಿಗೆ ಜಾಗ್ರತೆ ಹೇಳಿ ಕೂರುವುದಕ್ಕಿಂತ ಇದು ಮೇಲು ಅಲ್ವಾ?

ಸುಟ್ಟರೆ ಏನು ಮಾಡಬೇಕು ಎಂಬುದು ಮಾತ್ರ ಚಿಮಣಿಗೂ ಬಯೋ ಇಥೆನಾಲ್‌ಗೂ ಒಂದೇ. ನಲ್ಲಿ ನೀರಿನ ಕೆಳಗೆ 20 ನಿಮಿಷ. ಬಳೆ, ಉಂಗುರ ಊತ ಬರುವ ಮೊದಲೇ ತೆಗೆಯಬೇಕು. ಚರ್ಮಕ್ಕೆ ಅಂಟಿದ ಬಟ್ಟೆ ಎಳೆಯಬಾರದು. ಟೂತ್‌ಪೇಸ್ಟ್, ಶಾಯಿ, ಅರಿಶಿಣ ಹಚ್ಚಬಾರದು. ಆಸ್ಪತ್ರೆಯಲ್ಲಿ ಗಾಯ ನೋಡಲು ಅದನ್ನೆಲ್ಲ ಮತ್ತೆ ಕೆರೆದು ತೆಗೆಯಬೇಕಾಗುತ್ತದೆ. ಆ ನೋವು ಬೇರೆ. ಕಪ್ಪಿನ ಬೆಂಕಿ ಆರಿಸಲು ಊದುವುದು ಬೇಡ, ಲೋಹದ ಮುಚ್ಚಳ ಮುಚ್ಚಿದರೆ ಸಾಕು.

ಮೊನ್ನೆ ನೌಬಾದಿಗೆ ಹೋದಾಗ ಆ ಬಟ್ಟಲನ್ನು ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆವು. ಒಂದೂಕಾಲು ಕಿಲೊ. ಬಾಟಲಿಯ ಬಾಯಿಗೆ ಬೆರಳು ಹಾಕಿ ನೋಡಿದ ಹುಡುಗ, ‘ಜಾಲರಿ ಇಲ್ಲ’ ಅಂದ.