ಟಿವಿಯಲ್ಲಿ ಚೆಂದ ಕಂಡ ಆಟ ಕಂಪ್ಯೂಟರಿನಲ್ಲಿ ಯಾಕೆ ಗೆರೆಗೆರೆ?

ಪ್ರಶ್ನೆ: 2004ರಲ್ಲಿ ನಮ್ಮೂರ ಗದ್ದೆಯಲ್ಲಿ ಆದ ಯಕ್ಷಗಾನದ ಆಟವನ್ನು ಅಣ್ಣ ಕ್ಯಾಮ್‌ಕಾರ್ಡರಿನಲ್ಲಿ ಹಿಡಿದಿದ್ದ. ಅದರ ಡಿವಿಡಿ ಇದೆ. ಹಳೆ ಡಬ್ಬಾ ಟಿವಿಯಲ್ಲಿ ಚೆಂದ ಕಾಣುತ್ತಿತ್ತು. ಈಗ ಲ್ಯಾಪ್‌ಟಾಪಿನಲ್ಲಿ ಹಾಕಿದರೆ, ವೇಷ ಕುಣಿದಾಗೆಲ್ಲ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳಿಕೊಳ್ಳುತ್ತದೆ. ಪ್ಲೇಯರಿನಲ್ಲಿ ಡಿಇಂಟರ್‌ಲೇಸ್ ಎಂಬ ಗೆರೆ ಬಿಡಿಸುವ ಆಯ್ಕೆ ಆನ್ ಮಾಡಿದರೆ ಗೆರೆ ಹೋಗುತ್ತದೆ, ಆದರೆ ಕುಣಿತ ತಡೆತಡೆದು ಸಾಗುತ್ತದೆ. ಡಿವಿಡಿ ಹಾಳಾಗಿದೆಯಾ?
– ಹೊನ್ನಾವರ ಕಡೆಯ ಓದುಗರು

ಹಾಳಾಗಿಲ್ಲ. ನಿಮ್ಮ ಅಣ್ಣ ಹಿಡಿದದ್ದೆಲ್ಲ ಅದರಲ್ಲಿ ಹಾಗೇ ಇದೆ. ಕಂಪ್ಯೂಟರ್ ಅದನ್ನು ಒಮ್ಮೆ ಕಲಸಿ, ಒಮ್ಮೆ ಅರ್ಧ ಬಿಟ್ಟು ತೋರಿಸುತ್ತಿದೆ, ಅಷ್ಟೇ.

ನಮ್ಮ ದೇಶದ ಹಳೆ ಟಿವಿ ಪದ್ಧತಿ ಪಾಲ್. ಅದರಲ್ಲಿ ಸೆಕೆಂಡಿಗೆ 25 ಚಿತ್ರ, ಒಂದೊಂದು ಚಿತ್ರಕ್ಕೆ ಕಣ್ಣಿಗೆ ಕಾಣುವ 576 ಗೆರೆ. ಆದರೆ ಕ್ಯಾಮೆರಾ ಈ 576 ಗೆರೆಯನ್ನು ಒಂದೇ ಏಟಿಗೆ ಹಿಡಿಯುತ್ತಿರಲಿಲ್ಲ. ಮೊದಲು ಒಂದು ಬಿಟ್ಟು ಒಂದರಂತೆ 288 ಗೆರೆ. ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲೆ ನಡುವಿನ ಉಳಿದ 288. ಈ ಅರ್ಧ ಚಿತ್ರಕ್ಕೆ ಫೀಲ್ಡ್ ಎನ್ನುತ್ತಾರೆ. ಅಂದರೆ ಹೆಸರಿಗೆ 25 ಚಿತ್ರವಾದರೂ ಒಳಗಿರುವುದು 50 ಬೇರೆ ಬೇರೆ ಕ್ಷಣ. ಡಬ್ಬಾ ಟಿವಿ ಇವನ್ನು ಒಂದಾದ ಮೇಲೊಂದು ಬರೆಯುತ್ತಿತ್ತು. ಅದಕ್ಕೇ ಕುಣಿತ ಅಷ್ಟು ನಯವಾಗಿ ಕಾಣುತ್ತಿತ್ತು.

ಕಂಪ್ಯೂಟರ್ ಪರದೆ ಪೂರ್ತಿ ಚಿತ್ರವನ್ನೇ ಕೇಳುತ್ತದೆ. ಹಾಗಾಗಿ ಎರಡು ಫೀಲ್ಡುಗಳನ್ನು ಒಟ್ಟಿಗೆ ಹೆಣೆದು ಇಡಲಾಗುತ್ತದೆ. ಭಾಗವತರು ಕುಳಿತೇ ಇರುತ್ತಾರೆ, ಅವರ ಮುಖಕ್ಕೆ ಏನೂ ಆಗುವುದಿಲ್ಲ. ಮಂಡಿಯೂರಿ ಸುತ್ತು ಹಾಕುತ್ತಿರುವ ವೇಷ ಮಾತ್ರ ಅಷ್ಟರಲ್ಲಿ ಮುಂದೆ ಹೋಗಿಬಿಟ್ಟಿರುತ್ತದೆ. ಎರಡು ಕ್ಷಣದ ಗೆರೆಗಳು ಒಂದೇ ಚಿತ್ರದಲ್ಲಿ ಬಿದ್ದು ಬಾಚಣಿಗೆ ಹಲ್ಲು ಮೂಡುತ್ತದೆ.

ಡಿಇಂಟರ್‌ಲೇಸ್ ಆನ್ ಮಾಡಿದರೂ ಹೆಚ್ಚಿನ ವಿಧಾನಗಳು ಎರಡು ಫೀಲ್ಡಿನಿಂದ ಒಂದೇ ಚಿತ್ರ ಮಾಡುತ್ತವೆ. 50 ಕ್ಷಣ 25ಕ್ಕೆ ಇಳಿಯುತ್ತದೆ. ಮದುವೆ ಮನೆಯ ಊಟದ ಪಂಕ್ತಿಗೆ ಇದು ನಡೆದೀತು. ಯಕ್ಷಗಾನಕ್ಕೆ ನಡೆಯುವುದಿಲ್ಲ. ಚಂಡೆಯ ಪೆಟ್ಟಿಗೆ ಸರಿಯಾಗಿ ಕಾಲು ಬಿತ್ತೋ ಇಲ್ಲವೋ ಎಂದು ನೋಡುವವರಿಗೆ ಆ ಬಿಟ್ಟುಹೋದ 25 ಬೇಕೇ ಬೇಕು.

ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನ ವಿಡಿಯೊ ಮೆನುವಿನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ಅದರ ಕೆಳಗಿನ ಮೋಡಿನಲ್ಲಿ ಯಾಡಿಫ್ 2ಎಕ್ಸ್ ಆರಿಸಿ. ಸುಮ್ನೆ ಯಾಡಿಫ್ ಅಲ್ಲ, 2ಎಕ್ಸ್ ಇರಲೇಬೇಕು. ಇದು ಪ್ರತಿ ಫೀಲ್ಡಿನಿಂದ ಒಂದು ಪೂರ್ತಿ ಚಿತ್ರ ಮಾಡುತ್ತದೆ. ಇಲ್ಲದ ಗೆರೆಗಳನ್ನು ಹಿಂದಿನ, ಮುಂದಿನ ಫೀಲ್ಡು ನೋಡಿ ತುಂಬಿಕೊಳ್ಳುತ್ತದೆ. ಬಾಬ್ ಎಂಬ ಮೋಡ್ ಕೂಡ 50 ಚಿತ್ರ ಕೊಡುತ್ತದೆ, ಆದರೆ ರಂಗಸ್ಥಳದ ಅಡ್ಡ ಕಂಬದಂಥ ಸಣ್ಣ ಗೆರೆಗಳು ಮೇಲೆ ಕೆಳಗೆ ನಡುಗುತ್ತವೆ. ಹಳೆಯ, ನಿಧಾನದ ಕಂಪ್ಯೂಟರಿಗೆ ಮಾತ್ರ ಅದು ಸರಿ.

ಇಷ್ಟಾದರೂ ಸಣ್ಣ ಜಗ್ಗಾಟ ಉಳಿಯಬಹುದು. ಲ್ಯಾಪ್‌ಟಾಪ್ ಪರದೆ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. 50 ಚಿತ್ರವನ್ನು 60ಕ್ಕೆ ಹೊಂದಿಸಲು ಐದರಲ್ಲಿ ಒಂದನ್ನು ಎರಡು ಸಲ ತೋರಿಸಬೇಕಾಗುತ್ತದೆ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 50 ಹರ್ಟ್ಸ್ ಇದ್ದರೆ ಅದನ್ನು ಹಾಕಿ. ಲ್ಯಾಪ್‌ಟಾಪನ್ನು ಎಚ್‌ಡಿಎಂಐ ತಂತಿಯಿಂದ ಟಿವಿಗೆ ಜೋಡಿಸಿದರೆ ಈ ಆಯ್ಕೆ ಸಿಗುವುದು ಜಾಸ್ತಿ.

ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ನಾನೂ ನಮ್ಮ ಮನೆಯ ಟೇಪುಗಳನ್ನು ಒಂದು ಸ್ಟುಡಿಯೋಕ್ಕೆ ಕೊಟ್ಟಿದ್ದೆ. ಅವರು ಗೆರೆ ಬಿಡಿಸುವ ಮೊದಲೇ ಚಿತ್ರವನ್ನು ಸಣ್ಣದು ಮಾಡಿದರು. ಆಗ ಎರಡೂ ಫೀಲ್ಡಿನ ಗೆರೆಗಳು ಕಲಸಿಹೋದವು. ಹಾಗೆ ಕಲಸಿದ್ದನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಮೂಲ ಟೇಪಿಗೆ ಅಷ್ಟರಲ್ಲಿ ಎರಡು ಮಳೆಗಾಲದ ಬೂಷ್ಟು ಹಿಡಿದಿತ್ತು. ನೀವು ಹಾಗೆ ಆಗಗೊಡಬೇಡಿ. ಮೊದಲು ಡಿಇಂಟರ್‌ಲೇಸ್, ಆಮೇಲೆ ಅಳತೆ ಬದಲಾವಣೆ. ಡಿವಿಡಿಯ ಫೈಲನ್ನು ಏನೂ ಮುಟ್ಟದೆ ಒಂದು ಕಡೆ ನಕಲು ಇಟ್ಟುಕೊಳ್ಳಿ. ಡಿವಿಡಿಗಿಂತ ಹಳೆಯದಾದ ವಿಸಿಡಿ (ವಿಡಿಯೊ ಸಿಡಿ) ಮಾತ್ರ ಉಳಿದಿದ್ದರೆ ಏನೂ ಮಾಡಲು ಬರುವುದಿಲ್ಲ. ಅದರಲ್ಲಿರುವುದು 288 ಗೆರೆ, 25 ಚಿತ್ರ ಅಷ್ಟೇ. ಆದ್ದರಿಂದ ಟೇಪು ಎಲ್ಲಿದೆ ಎಂದು ಅಣ್ಣನ ಹತ್ತಿರ ಕೇಳಿ. ಯಕ್ಷಗಾನದ ದೊಡ್ಡ ಕಲಾವಿದರಾದ ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ ಹೋದರು, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ. ಅವರ ಕಾಲದ ಆಟ ಯಾರ ಮನೆಯ ಕಪಾಟಿನಲ್ಲಾದರೂ ಇದ್ದರೆ, ಅದರ 50 ಕ್ಷಣವೂ ಉಳಿಯಬೇಕು, ಅಲ್ವಾ?

ಯೂಟ್ಯೂಬಿಗೆ ಹಾಕುವುದಾದರೆ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಬದಲಿಸುವ ಸಾಫ್ಟ್‌ವೇರಿನಲ್ಲಿ ಡಿಇಂಟರ್‌ಲೇಸಿಗೆ ಬಾಬ್ ಪ್ರಿಸೆಟ್ ಆರಿಸಿ, ಫ್ರೇಮ್ ರೇಟ್ 50 ಕೊಡಿ. ವಿಎಲ್‌ಸಿಯ ಬಾಬ್‌ನಂತೆ ಇದು ನಡುಗುವುದಿಲ್ಲ. ಎತ್ತರವನ್ನು 576ರಿಂದ 720ಕ್ಕೆ ಏರಿಸಿ. ಯಾಕೆಂದರೆ ಯೂಟ್ಯೂಬ್ 50 ಚಿತ್ರವನ್ನು ಉಳಿಸಿಕೊಳ್ಳುವುದು 720 ಮತ್ತು ಅದಕ್ಕಿಂತ ಮೇಲಿನ ವಿಡಿಯೊಗಳಿಗೆ ಮಾತ್ರ. ಮುಂಬೈಯಲ್ಲಿ ಕುಳಿತು ನೋಡುವ ನೆಂಟರಿಗೂ ಹೇಳಿಡಿ: ಕ್ವಾಲಿಟಿಯಲ್ಲಿ 720ಪಿ50 ಒತ್ತಬೇಕು. 480ಕ್ಕೆ ಇಳಿದರೆ ಕುಣಿತ ಮತ್ತೆ 25ಕ್ಕೇ ಬರುತ್ತದೆ.