ಸ್ಕ್ಯಾನ್ ನಾರ್ಮಲ್, ಗಲ್ಲಾದ ಲೆಕ್ಕ ತಪ್ಪು

ಪುಣೆಯ ಕರ್ವೆ ರೋಡಿನ ಹತ್ತಿರ ನಾನು ದಿನಾ ಕಾಫಿ ಕುಡಿಯುವ ಉಡುಪಿ ಹೋಟೆಲಿದೆ. ಅಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದ ಕುಂದಾಪುರದ ಅಣ್ಣನಿಗೆ ಕ್ಯಾಲ್ಕ್ಯುಲೇಟರ್ ಬೇಕಿರಲಿಲ್ಲ. ವೇಟರ್ ದೂರದಿಂದ "ಎರಡು ಮಸಾಲೆ, ಮೂರು ಕಾಫಿ" ಅಂತ ಕೂಗುವಷ್ಟರಲ್ಲಿ ಚಿಲ್ಲರೆ ರೆಡಿ.

ಕಳೆದ ಮಳೆಗಾಲದಲ್ಲಿ ಕಾರೊಂದು ಹಿಂದಿನಿಂದ ತಾಗಿ ಸ್ಕೂಟರಿನಿಂದ ಬಿದ್ದರು. ಹೆಲ್ಮೆಟ್ ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಭದ್ರವಾಗಿತ್ತು. (ಹೆಲ್ಮೆಟ್ ಕಡ್ಡಾಯ ಮಾಡಬೇಡಿ ಅಂತ ಬೀದಿಗಿಳಿದ ಊರು ಇದು, ಏನು ಹೇಳೋದು.) ಮೂರು ದಿನ ಆಸ್ಪತ್ರೆ, ಸಿಟಿ ಸ್ಕ್ಯಾನ್ ನಾರ್ಮಲ್, ಮನೆಗೆ. ಮೂರು ತಿಂಗಳಾದ ಮೇಲೆ ಮತ್ತೆ ಗಲ್ಲಾಕ್ಕೆ ಬಂದರು. 65 ರೂಪಾಯಿ ಬಿಲ್ಲಿಗೆ ನಾನು 100ರ ನೋಟು ಕೊಟ್ಟೆ. ನೋಟು ಹಿಡಿದು ಸುಮ್ನೆ ಕೂತರು. ಒಳಗೆ ಮಿಕ್ಸಿ ಶುರುವಾಯಿತು. ಎರಡೂ ಕಿವಿ ಮುಚ್ಚಿಕೊಂಡರು. ಯಾರಿಗೂ ದನಿ ಏರಿಸದಿದ್ದವರು ಆಮೇಲೆ ವೇಟರ್ ಹುಡುಗನತ್ತ ಸೋಂಪಿನ ತಟ್ಟೆ ಎಸೆದರು.

ಸ್ಕೂಟರಿನಲ್ಲಿ ಮೊಸರಿನ ಡಬ್ಬಿ ಒಯ್ದಿದ್ದೀರಾ? ಗಕ್ಕನೆ ಬ್ರೇಕ್ ಹಾಕಿದರೆ ಡಬ್ಬಿಗೆ ಏನೂ ಆಗಲ್ಲ, ಒಳಗಿನ ಗಟ್ಟಿ ಮೊಸರು ಒಡೆದು ನೀರು ಬಿಟ್ಟಿರುತ್ತದೆ. ಮಿದುಳೂ ಹಾಗೇ ಮೆತ್ತಗಿನ ಪದಾರ್ಥ. ತೂಕ ಸುಮಾರು 1400 ಗ್ರಾಂ. ಬುರುಡೆಯೊಳಗಿನ ದ್ರವದಲ್ಲಿ ತೇಲುವುದರಿಂದ ಭಾರ 50 ಗ್ರಾಂನಷ್ಟೇ ಬೀಳುತ್ತದೆ. ತಲೆ ತಟಕ್ಕನೆ ನಿಂತರೆ, ತಿರುಚಿದರೆ, ಒಳಗಿನದು ಜೊತೆಗೇ ನಿಲ್ಲುವುದಿಲ್ಲ. ಸುದ್ದಿ ಒಯ್ಯುವ ನರದ ಎಳೆಗಳು, ಕೂದಲಿಗಿಂತ ಎಷ್ಟೋ ತೆಳುವಾದವು, ಜಗ್ಗಿಹೋಗುತ್ತವೆ. ವಿಚಿತ್ರ ಅಂದರೆ ಹೆಚ್ಚಿನವು ಆ ಕ್ಷಣದಲ್ಲೇ ಹರಿಯಲ್ಲ. ಎಳೆಯೊಳಗಿನ ಸಾಗಾಟ ಕಟ್ಟಿಕೊಂಡು, ಊದಿ, ಗಂಟೆಗಳೋ ದಿನಗಳೋ ಕಳೆದ ಮೇಲೆ ತುಂಡಾಗುತ್ತವೆ. ಸಿಟಿ ಸ್ಕ್ಯಾನ್ ಮೂಳೆ ಮುರಿದಿದ್ದರೆ, ರಕ್ತ ಸೋರಿದ್ದರೆ ತೋರಿಸುತ್ತದೆ. ಇಷ್ಟು ಸಣ್ಣ ಎಳೆ ಅದಕ್ಕೆಲ್ಲಿ ಕಾಣಬೇಕು? ಸಿಟ್ಟಿಗೆ ಲಗಾಮು ಹಾಕುವ, ಲೆಕ್ಕವನ್ನು ತಲೆಯಲ್ಲಿ ಹಿಡಿದಿಡುವ ಹಣೆಯ ಹಿಂದಿನ ಭಾಗಕ್ಕೇ ಇಂಥ ಪೆಟ್ಟು ಜಾಸ್ತಿ.

ಅಣ್ಣನ ಕಾಗದದಲ್ಲಿ 'ಜಿಸಿಎಸ್ 14, ಮೈಲ್ಡ್' ಅಂತಿತ್ತು. ಜಿಸಿಎಸ್ ಅಂದರೆ ಗ್ಲಾಸ್ಗೋ ಕೋಮಾ ಸ್ಕೇಲ್, 1974ರಲ್ಲಿ ಗ್ಲಾಸ್ಗೋದ ವೈದ್ಯರಾದ ಟೀಸ್‌ಡೇಲ್ ಮತ್ತು ಜೆನೆಟ್ ಮಾಡಿಕೊಟ್ಟ ಅಳತೆ. ಕಣ್ಣು ಬಿಡ್ತಾರಾ, ಮಾತಾಡ್ತಾರಾ, ಹೇಳಿದಂತೆ ಕೈ ಎತ್ತುತ್ತಾರಾ ನೋಡಿ 3ರಿಂದ 15ರವರೆಗೆ ಅಂಕ. ಎಚ್ಚರ ಎಷ್ಟಿದೆ ಅಂತ ತಿಳಿಯಲು ಒಳ್ಳೆಯ ಸಾಧನ. ಗಲ್ಲಾದಲ್ಲಿ ಕೂರಬಲ್ಲರಾ ಅನ್ನುವುದು ಅದರ ಪ್ರಶ್ನೆಯೇ ಅಲ್ಲ. ಪರಿಹಾರದ ಕೇಸಿನಲ್ಲಿ ವಿಮೆ ಕಂಪನಿಯ ವಕೀಲರು ಗಟ್ಟಿಯಾಗಿ ಹಿಡಿದದ್ದು ಮಾತ್ರ ಆ 'ಮೈಲ್ಡ್' ಅನ್ನೇ.

ಅಣ್ಣ ಬಿದ್ದ ವಾರವೇ ನಮ್ಮ ಕಡೆಯವರ ಸಂಘ ದುಡ್ಡು ಒಟ್ಟು ಮಾಡಿಕೊಟ್ಟಿತ್ತು. ಆ ವಿಷಯದಲ್ಲಿ ನಮ್ಮವರು ಹಿಂದೆ ಬೀಳುವವರಲ್ಲ. ಆದರೆ ಈ ಪೆಟ್ಟು ನಿಜವಾಗಿ ಮನೆಗೆ ಬರುವುದು ಮೂರನೇ ತಿಂಗಳು, ಎಳನೀರು ತರುವವರೆಲ್ಲ ಬಂದು ಹೋದ ಮೇಲೆ.

ಸಂಘಕ್ಕೆ ಭಾನುವಾರ ಬಂದು ಫೀಸಿಲ್ಲದೆ ಕೂರುವ ಧಾರವಾಡ ಕಡೆಯ ವಕೀಲರೊಬ್ಬರಿದ್ದಾರೆ. ಅವರು ಅಣ್ಣನ ಹೆಂಡತಿಗೆ ಒಂದು ನೋಟ್‌ಬುಕ್ ಕೊಟ್ಟರು. "ಅಕ್ಕಾರ, ಇವತ್ತಿಂದ ದಿನಾ ಬರೀರಿ. ಏನು ಮರತ್ರು, ಎಷ್ಟೊತ್ತಿಗೆ, ಯಾರ ಮುಂದ." ಹೋಟೆಲಿನ ಹಳೇ ಹಾಜರಿ ಪುಸ್ತಕ ತರಿಸಿದರು. ನೆನಪು, ಗಮನ ಅಳೆಯುವ ಪರೀಕ್ಷೆಗೆ ನ್ಯೂರೋಸೈಕಾಲಜಿಸ್ಟ್ ಹತ್ತಿರ ಕಳಿಸಿದರು. ಇದಕ್ಕೆ ಆಧಾರವಿದೆ: ದೇಹದ ಊನ ಶೇಕಡಾ ಎಷ್ಟು ಅನ್ನುವುದು ಬೇರೆ, ದುಡಿಮೆ ಎಷ್ಟು ಹೋಯಿತು ಅನ್ನುವುದು ಬೇರೆ ಅಂತ 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಎಡಗೈ ಹೋದ ಡ್ರೈವರನ ದುಡಿಮೆ ಪೂರ್ತಿ ಹೋಗಬಹುದು, ಗುಮಾಸ್ತನ ಕೆಲಸ ಉಳಿಯಬಹುದು. ಹಾಗಾದರೆ ಲೆಕ್ಕವೇ ಕೈಕೊಟ್ಟ ಗಲ್ಲಾದವರದ್ದು? ವಕೀಲರ ವಾದ ಅಷ್ಟೇ.

ಅಕ್ಕ ನನಗೊಂದು ಪುಟ ತೋರಿಸಿದರು: "ಬೆಳಿಗ್ಗೆ 7. ಹಾಲಿನವನಿಗೆ ಎರಡು ಸಲ ದುಡ್ಡು. ಕೇಳಿದ್ದಕ್ಕೆ ಅತ್ತರು."

ಕೇಸು ನಡೀತಿದೆ. ಥೆರಪಿಗೆ ವಾರಕ್ಕೆರಡು ಸಲ ಹೋಗಿಬರುವ ರಿಕ್ಷಾ ದುಡ್ಡನ್ನು ಈಗ ಸಂಘ ಕೊಡುತ್ತಿದೆ. ಅವರ ಖರ್ಚಿನ ಪುಸ್ತಕದಲ್ಲಿ 'ಆಸ್ಪತ್ರೆ' ಕಾಲಂ ಇತ್ತು, ಇದಕ್ಕೆ ಇರಲಿಲ್ಲ. ಖಜಾಂಚಿ ಪೆನ್ನಿನಲ್ಲೇ ಒಂದು ಗೆರೆ ಎಳೆದುಕೊಂಡಿದ್ದಾರೆ.