ಬೋರಲು ಮಡಕೆಗಳ ಚಾವಣಿ: ಮರುಭೂಮಿಯಂಚಿನ ಒಂದು ಕ್ಯಾಂಪಸ್

ಒಣ ಬಿಸಿಲು ನಾಡಿನ ಕಟ್ಟಡ ತಂತ್ರಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುವುದಕ್ಕಿಂತ, ಒಂದೇ ಕಟ್ಟಡ ಹಿಡಿದು ಬಿಸಿಲು ಎಲ್ಲೆಲ್ಲಿ ಬೀಳುತ್ತದೆ ಎಂದು ನೋಡುತ್ತ ಹೋದರೆ ವಿಷಯ ಬೇಗ ತಲೆಗೆ ಹತ್ತುತ್ತದೆ. ನಾನು ಆರಿಸಿಕೊಂಡಿದ್ದು ಜೈಪುರದ ಹೊರವಲಯದ ಕೂಕಸ್‌ನಲ್ಲಿರುವ ಪರ್ಲ್ ಅಕಾಡೆಮಿ. ಮಾರ್ಫೊಜೆನೆಸಿಸ್ ಸಂಸ್ಥೆ ವಿನ್ಯಾಸ ಮಾಡಿ 2008ರಲ್ಲಿ ಮುಗಿದ ಫ್ಯಾಷನ್ ಕಾಲೇಜು ಇದು.

ಮೊದಲು ಗೋಡೆ. ಅದರಿಂದ ಸುಮಾರು 4 ಅಡಿ ಆಚೆಗೆ, ಕಟ್ಟಡದ ಸುತ್ತ ಜಾಲಿ, ಅಂದರೆ ತೂತು ತೂತಾದ ತಡಿಕೆ, ನಿಂತಿದೆ. ಬಿಸಿಲು ಬಡಿಯುವುದು ಜಾಲಿಗೆ, ಗೋಡೆಗಲ್ಲ. ನಡುವೆ ಕಾದ ಗಾಳಿ ಮೇಲೇರಿ ಹೊರಟುಹೋಗುತ್ತದೆ. ಕಿಟಕಿಗೆ ಒಳಗಿನಿಂದ ಪರದೆ ಇಳಿಬಿಟ್ಟರೂ ನೆರಳೇ ತಾನೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಗಾಜು ದಾಟಿ ಒಳಬಂದ ಶಾಖದಲ್ಲಿ ಬಹುಪಾಲು ಕೋಣೆಯಲ್ಲೇ ಉಳಿಯುತ್ತದೆ. ಬಿಸಿಲನ್ನು ಹೊರಗೇ ತಡೆಯಬೇಕು.

ನನಗೆ ತುಂಬ ಹಿಡಿಸಿದ್ದು ಚಾವಣಿ. ಕುಂಬಾರರ ಸಾದಾ ಮಡಕೆಗಳನ್ನು ಒತ್ತೊತ್ತಾಗಿ ಬೋರಲು ಜೋಡಿಸಿ, ಸಂದುಗಳಿಗೆ ಮರಳು, ಇಟ್ಟಿಗೆ ಚೂರು ತುಂಬಿ, ಮೇಲೆ ತೆಳುವಾಗಿ ಕಾಂಕ್ರೀಟ್ ಹಾಕಿದ್ದಾರೆ. ಇಲ್ಲಿ ಶಾಖಕ್ಕೆ ಮುಖ್ಯವಾಗಿ ಅಡ್ಡ ನಿಲ್ಲುವುದು ಮಡಕೆಯ ಮಣ್ಣಲ್ಲ, ಅದರ ಹೊಟ್ಟೆಯೊಳಗೆ ಸಿಕ್ಕಿಕೊಂಡ ಗಾಳಿ. ಜಾಲಿಯ ಹಿಂದಿನ ಗಾಳಿ ಹರಿದರೆ ಲಾಭ, ಮಡಕೆಯೊಳಗಿನ ಗಾಳಿ ಅಲುಗದೆ ನಿಂತರೆ ಲಾಭ. ಈ ವ್ಯತ್ಯಾಸ ಹೊಳೆದ ದಿನ ನನಗೆ ಇಡೀ ಅಧ್ಯಾಯ ಬಿಡಿಸಿಕೊಂಡಿತು.

ಕೆಳಗೆ, ಸುಮಾರು 4 ಮೀಟರ್ ಆಳಕ್ಕೆ ಇಳಿಸಿದ ನೆರಳಿನ ಅಂಗಳವಿದೆ. ಅಲ್ಲಿ ರಾಜಸ್ಥಾನದ ಬಾವಡಿಯ ಮಾದರಿಯಲ್ಲಿ, ನಮ್ಮ ಕಲ್ಯಾಣಿಗಳ ಹಾಗೆ ಮೆಟ್ಟಿಲಿಳಿದು ಹೋಗುವ ಕೊಳ. ಅದಕ್ಕೆ ಬರುವುದು ಕ್ಯಾಂಪಸ್ಸಿನಲ್ಲೇ ಶುದ್ಧಿ ಮಾಡಿದ ಬಳಕೆಯ ನೀರು. ನೀರು ಆವಿಯಾಗುತ್ತ ಸುತ್ತಲ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಸುತ್ತಲಿನ ಮಣ್ಣು ಹೊರಗಿನ ಗಾಳಿಯಷ್ಟು ಕಾಯುವುದಿಲ್ಲ.

ಆದರೆ ಕೊಳ ತೋಡಿದಲ್ಲೆಲ್ಲ ತಂಪಾಗದು. ಗಾಳಿ ಒಣಗಿರಬೇಕು. ಮೇ ತಿಂಗಳ ಜೈಪುರದಲ್ಲಿ ನಡೆಯುವ ಈ ಉಪಾಯ ಮಂಗಳೂರಿನ ಸೆಕೆಯಲ್ಲಿ ನಡೆಯದು; ಜೈಪುರದಲ್ಲೇ ಮಳೆಗಾಲ ಹಿಡಿದರೆ ಅದರ ಬಲ ಕುಗ್ಗುತ್ತದೆ. ಮರುಭೂಮಿ ಎಂದಾಕ್ಷಣ ಒಣಗಾಳಿ ಎಂದು ಬರೆಯಬೇಡಿ. ಅಬುಧಾಬಿಯೂ ಮರುಭೂಮಿಯೇ, ಆದರೆ ಕಡಲ ತೇವದಿಂದ ಬೇಸಿಗೆ ಬೆವರಿಳಿಸುತ್ತದೆ. 2010ರಲ್ಲಿ ಅಲ್ಲಿ ತೆರೆದ ಮಸ್ದಾರ್ ಇನ್‌ಸ್ಟಿಟ್ಯೂಟ್‌ನಲ್ಲಿ ಫಾಸ್ಟರ್ ವಾಸ್ತುಶಿಲ್ಪ ಸಂಸ್ಥೆ, ಮೇಲಿನ ಗಾಳಿಯನ್ನು ಹಿಡಿದು ಕೆಳಗಿಳಿಸುವ 45 ಮೀಟರ್ ಎತ್ತರದ ಗಾಳಿಗೋಪುರ ನಿಲ್ಲಿಸಿದೆ, ಚಿತ್ರಗಳಲ್ಲಿ ಕಣ್ಣಿಗೆ ಬೀಳುವುದೂ ಅದೇ. ಆದರೆ ಗಾಳಿ ತೇವವಿದ್ದರೂ ನೆರಳಿನ ಉಪಾಯ ನಡೆಯುತ್ತದೆ. ಚಿತ್ರ ಸಿಕ್ಕರೆ ಗೋಪುರ ಬಿಟ್ಟು ಬೀದಿ ನೋಡಿ: ಎರಡೂ ಬದಿಯ ಕಟ್ಟಡಗಳನ್ನು ಹತ್ತಿರ ತಂದು, ಒಂದರ ನೆರಳು ಇನ್ನೊಂದರ ಮೇಲೆ ಬೀಳುವಂತೆ ಮಾಡಿದ್ದಾರೆ.